ಬೀಜಕ್ಕೆ ಪೇಟೆಂಟ್: ಅಣ್ಣ ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ

ಹಾವೇರಿಕಡೆಯವ
ಶನಿವಾರ, ರಾತ್ರಿ 10:12

ಸ್ವಲ್ಪ ಉದ್ದ ಆಗುತ್ತದೆ. ಓದಿ ಮುಗಿಸಿ ಆಮೇಲೆ ಬೈಯಿರಿ.

ನಾನಿರುವುದು ಯಲಹಂಕದಲ್ಲಿ. ಹೊಟ್ಟೆಪಾಡು ಪೇಟೆಂಟ್ ಅರ್ಜಿ ಬರೆಯುವುದು. ಬ್ಯಾಟರಿ, ಆಂಟೆನಾ, ಪಂಪಿನ ವಾಲ್ವು, ಇಂಥವು. ಊರಲ್ಲಿ ಅಣ್ಣ ಆರೆಕರೆ ಎರೆ ಹೊಲದಲ್ಲಿ ಹತ್ತಿ, ಗೋವಿನಜೋಳ ಬೆಳೆಯುತ್ತಾನೆ.

ಹೋದ ವಾರ ಅವನು ಮೊಣಕಾಲು ತೋರಿಸಲು ಬೆಂಗಳೂರಿಗೆ ಬಂದಿದ್ದ. ರಾತ್ರಿ ಊಟ ಆದ ಮೇಲೆ, ನಿನ್ನ ಕೆಲಸ ಅಂದರೆ ಏನು ಅಂತ ಕೇಳಿದ. ಹದಿನೈದು ವರ್ಷದಲ್ಲಿ ಮೊದಲ ಸಲ ಕೇಳಿದ್ದು. ಹೊಸದು ಕಂಡುಹಿಡಿದವನಿಗೆ 20 ವರ್ಷ ಅದರ ಮೇಲೆ ಹಕ್ಕು ಇರುತ್ತದೆ, ಬೇರೆಯವರು ಅದನ್ನು ಮಾಡುವ ಹಾಗಿಲ್ಲ, ಮಾರುವ ಹಾಗಿಲ್ಲ ಅಂತ ವಿವರಿಸಿದೆ. ಬೀಜಕ್ಕೂ ಹೀಗೇ ಇರುತ್ತದಾ ಅಂದ. ಕೆಲವು ದೇಶಗಳಲ್ಲಿ ಇದೆ ಅಂದೆ. ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದ:

"ಆಂಟೆನಾ ಮರಿ ಹಾಕೂದಿಲ್ಲ. ಬೀಜ ಹಾಕ್ತತಿ. ನನ್ನ ಹೊಲದಾಗ, ನನ್ನ ನೀರು ಗೊಬ್ಬರದಾಗ ಹುಟ್ಟಿದ್ದು ಅವರದು ಹೆಂಗಾಕ್ಕತಿ?"

ನಾನು ಪೇಟೆಂಟ್ ಪರ ಇರುವವನೇ. ಖರ್ಚು ಮಾಡಿದವನಿಗೆ ಅದು ವಾಪಸ್ ಬರಬೇಕು, ಇಲ್ಲದಿದ್ದರೆ ಯಾರೂ ಹೊಸದಕ್ಕೆ ಕೈ ಹಾಕುವುದಿಲ್ಲ. ಆದರೆ ಅಣ್ಣನ ಮಾತಿಗೆ ಏನು ಹೇಳಬೇಕು ಅಂತ ತಿಳಿಯಲಿಲ್ಲ. ಅಪ್ಪ ಇದ್ದಾಗ, 2005ರ ಆಸುಪಾಸು, ಬಿಟಿ ಹತ್ತಿಯ (ಹುಳ ಕೊಲ್ಲುವ ಬ್ಯಾಕ್ಟೀರಿಯಾದ ಜೀನ್ ಸೇರಿಸಿದ ಕುಲಾಂತರಿ ಹತ್ತಿ) 450 ಗ್ರಾಂ ಪ್ಯಾಕೆಟ್‌ಗೆ 1600 ರೂಪಾಯಿ ಮೇಲೆ ಕೊಟ್ಟಿದ್ದೂ ನೆನಪಿದೆ. ಅದರಲ್ಲಿ 1250ರಷ್ಟು ಬರೀ ತಂತ್ರಜ್ಞಾನದ ಶುಲ್ಕ ಅಂತ ಆಮೇಲೆ ಓದಿದೆ.

ಕುಲಾಂತರಿ ಬೀಜಕ್ಕೆ ಪೇಟೆಂಟ್ ಕೊಡುವುದು ಸರಿಯಾ? ತಿಳಿದವರು ಹೇಳಿ.


ಕರಿಕೋಟು
ಶನಿವಾರ, ರಾತ್ರಿ 10:47

ಮೊದಲು ಒಂದು ತಪ್ಪು ತಿಳಿವಳಿಕೆ ತೆಗೆಯೋಣ. ನಮ್ಮ ದೇಶದಲ್ಲಿ ಬೀಜಕ್ಕೆ ಪೇಟೆಂಟ್ ಸಿಗುವುದೇ ಇಲ್ಲ. ಪೇಟೆಂಟ್ ಕಾಯ್ದೆಯ ಕಲಂ 3(ಜೆ) ನೋಡಿ. ಗಿಡ, ಪ್ರಾಣಿ, ಅವುಗಳ ಭಾಗ, ಬೀಜ, ತಳಿ ಯಾವುದಕ್ಕೂ ಪೇಟೆಂಟ್ ಇಲ್ಲ. ಸೂಕ್ಷ್ಮಜೀವಿಗಳಿಗೆ ಮಾತ್ರ ವಿನಾಯ್ತಿ. 2002ರ ತಿದ್ದುಪಡಿಯಲ್ಲಿ ಬಂದದ್ದು.

ಹಾಗಾದರೆ ಬಿಟಿ ಹತ್ತಿ ತಂದ ಅಮೆರಿಕದ ಕಂಪನಿ ಮಾನ್ಸಾಂಟೊ ಹತ್ತಿರ ಇದ್ದದ್ದು ಏನು? ಪೇಟೆಂಟ್ ನಂಬರ್ 214436. 1999ರಲ್ಲಿ ಅರ್ಜಿ, 2008ರಲ್ಲಿ ಮಂಜೂರು. ಅದು ಬೀಜದ ಮೇಲೆ ಅಲ್ಲ, ಬಿಟಿ ಬ್ಯಾಕ್ಟೀರಿಯಾದಿಂದ ತೆಗೆದು ಬದಲಾಯಿಸಿದ ಜೀನ್ ಸರಣಿಯ ಮೇಲೆ. ಅಂದರೆ ಅವರ ಬಿಟಿ ಹತ್ತಿಯ ಎರಡನೇ ಪೀಳಿಗೆ ಬೊಲ್‌ಗಾರ್ಡ್ 2ರಲ್ಲಿ ಇರುವ ಎರಡನೇ ಜೀನ್. 2002ರಲ್ಲಿ ಬಂದ ಮೊದಲ ಬೊಲ್‌ಗಾರ್ಡ್‌ಗೆ ಇಲ್ಲಿ ಪೇಟೆಂಟ್ ಇರಲೇ ಇಲ್ಲ. ನಿಮ್ಮ ಅಪ್ಪ 2005ರಲ್ಲಿ ಕಟ್ಟಿದ 1250 ರೂಪಾಯಿ ಪೇಟೆಂಟ್ ಶುಲ್ಕ ಅಲ್ಲವೇ ಅಲ್ಲ. ಒಪ್ಪಂದದ ಶುಲ್ಕ. ಆ ಜೀನ್ ಅವರ ಹತ್ತಿರ ಮಾತ್ರ ಇತ್ತು, ಸರ್ಕಾರದ ಅನುಮತಿಯೂ ಅವರ ಹತ್ತಿರ ಮಾತ್ರ ಇತ್ತು. ಅಷ್ಟೇ ಸಾಕಾಯಿತು.

ಆಮೇಲೆ ಜಗಳ. ಮಾನ್ಸಾಂಟೊ ಜೀನ್ ಪಡೆದು ಬೀಜ ಮಾಡುತ್ತಿದ್ದ ಹೈದರಾಬಾದಿನ ನೂಜಿವೀಡು ಸೀಡ್ಸ್ ಶುಲ್ಕ ಕಡಿಮೆ ಮಾಡಿ ಅಂತ ಕೂತಿತು. 2015ರ ನವೆಂಬರಿನಲ್ಲಿ ಮಾನ್ಸಾಂಟೊ ಕಡೆಯವರು ಒಪ್ಪಂದ ಮುರಿದು, ಆಮೇಲೆ ಕೋರ್ಟಿಗೆ ಹೋದರು. 2018ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ, ಬೀಜದೊಳಗೆ ಹೋದ ಜೀನ್ ಬೀಜದ ಭಾಗವೇ, ಹಾಗಾಗಿ ಪೇಟೆಂಟ್ ಅನೂರ್ಜಿತ ಅಂದಿತು. 2019ರ ಜನವರಿ 8ರಂದು ಸುಪ್ರೀಂ ಕೋರ್ಟ್, ಸಾಕ್ಷ್ಯ ವಿಚಾರಣೆ ಇಲ್ಲದೆ ಹೀಗೆ ಹೇಳುವುದು ಸರಿಯಲ್ಲ ಅಂತ ವಾಪಸ್ ಕಳಿಸಿತು. ಆ ವರ್ಷದ ನವೆಂಬರಿಗೆ 20 ವರ್ಷ ಮುಗಿದು ಪೇಟೆಂಟೇ ಸತ್ತಿತು. ನಮ್ಮ ಕೋರ್ಟುಗಳ ಲೆಕ್ಕದಲ್ಲಿ ಇದೊಂದು ತೀರ್ಮಾನವೇ ಅನ್ನಿ.

ನಿಮ್ಮ ಅಣ್ಣನಿಗೆ ಉತ್ತರ ಬೇರೆ ಕಾಯ್ದೆಯಲ್ಲಿದೆ. ಸಸ್ಯ ತಳಿಗಳ ರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001. ಕಲಂ 39ರ ಪ್ರಕಾರ ರಕ್ಷಿತ ತಳಿಯ ಬೀಜವನ್ನೂ ರೈತ ಉಳಿಸಿಕೊಳ್ಳಬಹುದು, ಮತ್ತೆ ಬಿತ್ತಬಹುದು, ಪಕ್ಕದವರಿಗೆ ಕೊಡಬಹುದು, ಮಾರಲೂಬಹುದು. ಬ್ರ್ಯಾಂಡ್ ಹೆಸರು ಹಾಕಿ ಪ್ಯಾಕೆಟ್ ಮಾಡಿ ಮಾರಬಾರದು, ಅಷ್ಟೇ. ಇಷ್ಟು ಧಾರಾಳ ಕಾನೂನು ಪ್ರಪಂಚದಲ್ಲೇ ಅಪರೂಪ.


ಹಾವೇರಿಕಡೆಯವ
ಶನಿವಾರ, ರಾತ್ರಿ 10:58

1250 ಪೇಟೆಂಟ್ ಶುಲ್ಕ ಅಲ್ಲ ಅನ್ನುವುದು ಈ ಕೆಲಸದಲ್ಲಿರುವ ನನಗೇ ಗೊತ್ತಿರಲಿಲ್ಲ. ನಾಚಿಕೆ ಆಯಿತು ಸರ್.


ಪಿಪೆಟ್ಟಮ್ಮ
ಶನಿವಾರ, ರಾತ್ರಿ 11:30

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಯಲ್ಲಿ ಓದಿ, ಈಗ ಒಂದು ಲ್ಯಾಬಿನಲ್ಲಿ ಗಿಡಗಳ ಜೀನ್ ಕೆಲಸ ಮಾಡುವವಳು ನಾನು. ಕಂಪನಿ ಪರ ಅಂತ ಬೈಸಿಕೊಳ್ಳಲು ರೆಡಿ ಇದ್ದೇನೆ.

ಜೀನ್ ತುರುಕಿದರು, ಬೀಜ ಬಂತು, ದುಡ್ಡು ಎಣಿಸಿದರು ಅಂತ ಜನ ತಿಳಿದಿದ್ದಾರೆ. ಒಂದು ಜೀನನ್ನು ಸಾವಿರಾರು ಜೀವಕೋಶಗಳಿಗೆ ಸೇರಿಸುತ್ತೇವೆ. ಅದು ಎಲ್ಲಿ ಹೋಗಿ ಕೂರುತ್ತದೆ ಅನ್ನುವುದು ನಮ್ಮ ಕೈಯಲ್ಲಿಲ್ಲ. ಬಹುಪಾಲು ಕೆಲಸಕ್ಕೆ ಬರುವುದಿಲ್ಲ. ಕೊನೆಗೆ ಒಂದೋ ಎರಡೋ ಉಳಿಯುತ್ತವೆ. ಆಮೇಲೆ ಇಲಿಗೆ, ಮೀನಿಗೆ, ಜೇನುಹುಳಕ್ಕೆ ತಿನ್ನಿಸಿ ನೋಡಬೇಕು. ಹಂತ ಹಂತವಾಗಿ ಹೊಲದಲ್ಲಿ ಪರೀಕ್ಷೆ. 2011ರ ಒಂದು ಸಮೀಕ್ಷೆ ಪ್ರಕಾರ ಹೀಗೆ ಒಂದು ಗುಣವನ್ನು ಮಾರುಕಟ್ಟೆಗೆ ತರಲು ಸರಾಸರಿ 13 ವರ್ಷ, 13.6 ಕೋಟಿ ಡಾಲರ್. ಸಮೀಕ್ಷೆಗೆ ದುಡ್ಡು ಕೊಟ್ಟವರು ಬೀಜ ಉದ್ಯಮದವರೇ, ಅದನ್ನೂ ಹೇಳಿಬಿಡುತ್ತೇನೆ. ಅರ್ಧ ಸುಳ್ಳು ಅಂತ ಇಟ್ಟುಕೊಂಡರೂ ಸಣ್ಣ ದುಡ್ಡಲ್ಲ.

ಸರ್ಕಾರ 2015ರ ಡಿಸೆಂಬರಿನಲ್ಲಿ ಹತ್ತಿ ಬೀಜದ ಬೆಲೆ ನಿಯಂತ್ರಣ ಆದೇಶ ತಂದಿತು. 2016ರ ಮಾರ್ಚಿನಲ್ಲಿ ಪ್ಯಾಕೆಟ್ಟಿನ ತಂತ್ರಜ್ಞಾನ ಶುಲ್ಕ 163 ರೂಪಾಯಿಯಿಂದ 49ಕ್ಕೆ ಇಳಿಯಿತು. ಚಪ್ಪಾಳೆ ತಟ್ಟಿದೆವು. ಅದೇ ವರ್ಷ ಮಾನ್ಸಾಂಟೊ ತನ್ನ ಮುಂದಿನ ಹತ್ತಿಯ ಅರ್ಜಿ ವಾಪಸ್ ತೆಗೆದುಕೊಂಡಿತು. ಅಂದಿನಿಂದ ಈವರೆಗೆ ನಮ್ಮ ರೈತನಿಗೆ ಸಿಗುತ್ತಿರುವುದು 2006ರಲ್ಲಿ ಬಂದ ಅದೇ ಬೊಲ್‌ಗಾರ್ಡ್ 2. ಗುಲಾಬಿ ಕಾಯಿಕೊರಕಕ್ಕೆ ಅದು ಈಗ ಲೆಕ್ಕಕ್ಕೇ ಇಲ್ಲ.

ಪೇಟೆಂಟ್ ಬೇಡ, ಶುಲ್ಕವೂ ಬೇಡ ಅಂದರೆ ಲ್ಯಾಬಿನ ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ? ಇದು ಕುಹಕ ಅಲ್ಲ, ನಿಜವಾಗಿ ಕೇಳುತ್ತಿದ್ದೇನೆ.


ಜಾಗೃತ_ಕನ್ನಡಿಗ
ಭಾನುವಾರ, ಬೆಳಿಗ್ಗೆ 6:40

ಟರ್ಮಿನೇಟರ್ ಬೀಜ ಹಾಕಿ ರೈತರನ್ನು ಕೊಂದರಲ್ಲ, ಅದರ ಬಗ್ಗೆ ಯಾಕೆ ಮಾತಾಡಲ್ಲ ಮೇಡಂ?


ಪಿಪೆಟ್ಟಮ್ಮ
ಭಾನುವಾರ, ಬೆಳಿಗ್ಗೆ 7:15

ಟರ್ಮಿನೇಟರ್ ಬೀಜ, ಅಂದರೆ ಅದರ ಬೆಳೆಯ ಬೀಜ ಮತ್ತೆ ಮೊಳೆಯದಂತೆ ಮಾಡಿದ್ದು, ಯಾವ ದೇಶದಲ್ಲೂ ಮಾರಾಟಕ್ಕೆ ಬಂದಿಲ್ಲ. 1998ರಲ್ಲಿ ಅಮೆರಿಕದಲ್ಲಿ ಒಂದು ಹತ್ತಿಬೀಜ ಕಂಪನಿ ಮತ್ತು ಅಲ್ಲಿನ ಕೃಷಿ ಇಲಾಖೆ ಸೇರಿ ಪೇಟೆಂಟ್ ತೆಗೆದುಕೊಂಡವು. ಗಲಾಟೆ ಎದ್ದಿತು. 1999ರಲ್ಲಿ ಮಾನ್ಸಾಂಟೊ ಇದನ್ನು ಬಳಸುವುದಿಲ್ಲ ಅಂತ ಹೇಳಿತು. ನಮ್ಮ 2001ರ ಕಾಯ್ದೆಯಲ್ಲಿ ಅಂಥ ತಳಿಯ ನೋಂದಣಿಗೇ ತಡೆ ಇದೆ. ವಾಟ್ಸಾಪ್ ಫಾರ್ವರ್ಡ್ ಸ್ವಲ್ಪ ಕಡಿಮೆ ಮಾಡಿ ಸ್ವಾಮಿ.


ರಾಗಿಮುದ್ದೆ
ಭಾನುವಾರ, ಬೆಳಿಗ್ಗೆ 8:05

ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ ಅಂತ ಕೇಳಿದೆಯಲ್ಲಮ್ಮ, ಹೇಳುತ್ತೇನೆ. ನಾನು ದೊಡ್ಡಬಳ್ಳಾಪುರ ಕಡೆಯವನು. ವಯಸ್ಸು ಎಪ್ಪತ್ತು ದಾಟಿದೆ. ಟೈಪ್ ಮಾಡುತ್ತಿರುವುದು ಮೊಮ್ಮಗಳು.

ನಾನು ಹುಡುಗನಾಗಿದ್ದಾಗ ನಮ್ಮ ಮಾವ ಮಂಡ್ಯದ ಕಡೆಯಿಂದ ಒಂದು ಸೇರು ರಾಗಿ ಟವೆಲಿನಲ್ಲಿ ಕಟ್ಟಿಕೊಂಡು ಬಂದರು. ಇಂಡಾಫ್ ಅಂತ ಹೆಸರು. ಇಂಡಿಯಾ ರಾಗಿಗೂ ಆಫ್ರಿಕಾ ರಾಗಿಗೂ ಸಂಬಂಧ ಮಾಡಿಸಿದ್ದು. ಮಾಡಿದವರು ಲಕ್ಷ್ಮಣಯ್ಯನವರು, ಮಂಡ್ಯದ ವಿ.ಸಿ. ಫಾರಂನಲ್ಲಿ ಇದ್ದವರು. ರಾಗಿ ಲಕ್ಷ್ಮಣಯ್ಯ ಅಂತಲೇ ಜನ ಕರೆಯುತ್ತಿದ್ದರು. ರಾಗಿ ಹೂ ಎಷ್ಟು ಚಿಕ್ಕದು ಅಂತ ನೋಡಿದ್ದೀರಾ? ಕಣ್ಣಿಗೇ ಕಾಣುವುದಿಲ್ಲ. ಅದರಲ್ಲಿ ಗಂಡು ಹೆಣ್ಣು ಬೇರೆ ಮಾಡಿ ಸಂಕರ ಮಾಡುವುದು ಸುಮ್ನೆ ಮಾತಲ್ಲ.

ಆ ಒಂದು ಸೇರು ನಮ್ಮೂರಲ್ಲಿ ನಾಲ್ಕು ವರ್ಷದಲ್ಲಿ ಎಲ್ಲರ ಹೊಲಕ್ಕೂ ಹೋಯಿತು. ಯಾರೂ ದುಡ್ಡು ಕೊಡಲಿಲ್ಲ. ಒಂದು ಕೊಳಗ ಕೊಟ್ಟು ಒಂದೂಕಾಲು ಕೊಳಗ ವಾಪಸ್ ತೆಗೆದುಕೊಳ್ಳುವುದು, ಅದೇ ರಾಯಲ್ಟಿ. ಲಕ್ಷ್ಮಣಯ್ಯನವರಿಗೆ ಸಿಕ್ಕಿದ್ದು ಸರ್ಕಾರದ ಸಂಬಳ. ಆಮೇಲೆ ಜಿಕೆವಿಕೆಯಿಂದ ಜಿಪಿಯು 28 ಬಂತು. ಬೆಂಕಿರೋಗ ತಡೆಯುತ್ತದೆ ಅಂತ ಅದೂ ಹೀಗೇ ಮನೆಯಿಂದ ಮನೆಗೆ ಹರಡಿತು. ಈಗ ನೀವೆಲ್ಲ ಬೆಂಗಳೂರಿನಲ್ಲಿ ಮುರಿಯುತ್ತಿರುವ ಮುದ್ದೆ ಬಹುಪಾಲು ಇದೇ ಬೀಜದ್ದು. ಪೇಟೆಂಟ್ ಇದ್ದಿದ್ದರೆ ಮುದ್ದೆಗೆ ಎಷ್ಟಾಗುತ್ತಿತ್ತೋ.


ಪಿಪೆಟ್ಟಮ್ಮ
ಭಾನುವಾರ, ಬೆಳಿಗ್ಗೆ 9:20

ಯಜಮಾನ್ರೇ, ಇಂಡಾಫ್ ಕಥೆ ಕೇಳಿ ಖುಷಿಯಾಯಿತು. ನಮ್ಮ ಮೇಷ್ಟ್ರುಗಳು ಲಕ್ಷ್ಮಣಯ್ಯನವರ ಹೆಸರು ಹೇಳುವಾಗ ಎದ್ದು ನಿಲ್ಲುವುದೊಂದು ಬಾಕಿ.

ಆದರೆ ರಾಗಿಗೆ ಕಂಪನಿಗಳು ಯಾಕೆ ಬರಲಿಲ್ಲ ಅಂತ ಯೋಚನೆ ಮಾಡಿದ್ದೀರಾ? ರಾಗಿ ತನ್ನ ಹೂವಿಗೆ ತಾನೇ ಪರಾಗ ಹಾಕಿಕೊಳ್ಳುವ ಬೆಳೆ. ಈ ವರ್ಷದ ಬೀಜ ಮುಂದಿನ ವರ್ಷವೂ ಅದೇ ಗುಣ ಕೊಡುತ್ತದೆ. ಒಂದು ಸಲ ಮಾರಿದರೆ ಮುಗಿಯಿತು, ಗಿರಾಕಿ ಮತ್ತೆ ಬರುವುದಿಲ್ಲ. ಹತ್ತಿ ಹಾಗಲ್ಲ. ನಮ್ಮಲ್ಲಿ ಬಿಟಿ ಹತ್ತಿ ಬಂದಿದ್ದೇ ಹೈಬ್ರಿಡ್‌ನಲ್ಲಿ, ಅಂದರೆ ಎರಡು ಬೇರೆ ಗಿಡ ಬೆರೆಸಿ ಮಾಡಿದ ಬೀಜದಲ್ಲಿ. ಹೈಬ್ರಿಡ್ ಗಿಡದ ಬೀಜ ಉಳಿಸಿ ಬಿತ್ತಿದರೆ ಮೊಳಕೆ ಬರುತ್ತದೆ, ಗುಣ ಚೆದುರಿಹೋಗುತ್ತದೆ. ಒಂದು ಗಿಡ ಎತ್ತರ, ಒಂದು ಗಿಡ ಗಿಡ್ಡ, ಒಂದರಲ್ಲಿ ಬಿಟಿ ಇದೆ, ಇನ್ನೊಂದರಲ್ಲಿ ಇಲ್ಲ. ಅಮೆರಿಕ, ಚೀನಾದಲ್ಲಿ ಬಿಟಿಯನ್ನು ಸಾದಾ ತಳಿಗಳಿಗೂ ಹಾಕಿದರು. ಇಲ್ಲಿ ಕಂಪನಿಗಳು ಹಾಕಲಿಲ್ಲ.

ಅಂದರೆ ಕರಿಕೋಟು ಸರ್ ಹೇಳಿದ ಕಲಂ 39 ಹತ್ತಿ ರೈತನಿಗೆ ಪುಸ್ತಕದಲ್ಲಿ ಮಾತ್ರ ಇದೆ. ಬೀಜ ಉಳಿಸಿಕೋ ಅಂತ ಕಾನೂನು ಹೇಳುತ್ತದೆ. ಉಳಿಸಿದರೆ ಕೈಗೆ ಹತ್ತುವುದಿಲ್ಲ ಅಂತ ಬೀಜ ಹೇಳುತ್ತದೆ. ಇನ್ನು ಪೇಟೆಂಟ್ ಯಾಕೆ ಬೇಕು? ಬೀಗ ಗಿಡದೊಳಗೇ ಇದೆ.


ಹಾವೇರಿಕಡೆಯವ
ಭಾನುವಾರ, ಬೆಳಿಗ್ಗೆ 9:41

ಹಾಗಾದರೆ ಹೈಬ್ರಿಡ್ ಕೂಡ ಕಂಪನಿಗಳ ಕುತಂತ್ರವಾ?


ಪಿಪೆಟ್ಟಮ್ಮ
ಭಾನುವಾರ, ಬೆಳಿಗ್ಗೆ 9:50

ಅಲ್ಲಪ್ಪಾ. ಹೈಬ್ರಿಡ್ ಹತ್ತಿ ಶುರು ಮಾಡಿದ್ದೇ ಸರ್ಕಾರಿ ವಿಜ್ಞಾನಿಗಳು. 1970ರಲ್ಲಿ ಗುಜರಾತಿನ ಎಚ್4, ಪ್ರಪಂಚದ ಮೊದಲನೆಯದು. 1972ರಲ್ಲಿ ನಮ್ಮ ಧಾರವಾಡದಲ್ಲಿ ಬಿ.ಎಚ್. ಕತರ್ಕಿ ಅವರ ವರಲಕ್ಷ್ಮಿ, ಆಮೇಲೆ ಡಿಸಿಎಚ್ 32. ಇಳುವರಿ ಜಾಸ್ತಿ ಬಂತು, ನೂಲು ಉದ್ದ ಬಂತು, ರೈತ ಇಷ್ಟಪಟ್ಟು ಹಾಕಿದ. ಅದರ ಬೆನ್ನಿಗೆ ಖಾಸಗಿಯವರು ಬಂದರು. ಯಾಕೆ ಅಂತ ಈಗ ಗೊತ್ತಾಯಿತಲ್ಲ.


ಬೀಜದಂಗಡಿ_ರಾಯಚೂರು
ಭಾನುವಾರ, ಮಧ್ಯಾಹ್ನ 1:15

ಬೆಂಗಳೂರಿನವರು ಚೆನ್ನಾಗಿ ಮಾತಾಡುತ್ತಿದ್ದೀರಿ. ನಾನು ಕೌಂಟರಿನ ಹಿಂದೆ ಕೂತವನು. ನನ್ನ ಲೆಕ್ಕ ಕೇಳಿರಿ.

2006ರಲ್ಲಿ ಆಂಧ್ರ ಸರ್ಕಾರ, ಏಕಸ್ವಾಮ್ಯ ತಡೆಯುವ ಎಂಆರ್‌ಟಿಪಿ ಆಯೋಗಕ್ಕೆ ಹೋದ ಮೇಲೆ ಪ್ಯಾಕೆಟ್ ಒಂದೇ ಏಟಿಗೆ 750ಕ್ಕೆ ಬಿತ್ತು. ಹಿಂದಿನ ವರ್ಷ 1600ಕ್ಕೆ ಒಯ್ದವರು ನನ್ನನ್ನೇ ಕಳ್ಳ ಅಂದರು! 2016ರಲ್ಲಿ ಬಿಜಿ 2ಕ್ಕೆ (ಬೊಲ್‌ಗಾರ್ಡ್ 2) 800. 2018ರಲ್ಲಿ 740, ಅದರಲ್ಲಿ ಶುಲ್ಕ 39. 2019ರಲ್ಲಿ 730, ಶುಲ್ಕ 20. 2020ರಲ್ಲಿ ಶುಲ್ಕ ಸೊನ್ನೆ. ಪ್ಯಾಕೆಟ್ ಬೆಲೆ ಮಾತ್ರ ಅದೇ 730. ಆಮೇಲೆ 767, 810, 853, 864. 2025ರಲ್ಲಿ 901. ಪೇಟೆಂಟ್ ಸತ್ತಿದೆ, ಶುಲ್ಕ ಸತ್ತಿದೆ, ರೇಟು ಮಾತ್ರ ಬೆಳೆಯುತ್ತಲೇ ಇದೆ. ಇದಕ್ಕೆ ಯಾವ ಪೇಟೆಂಟನ್ನು ಬೈಯೋಣ?

ಇದು ಕಾಗದದ ರೇಟು. ಒಂದು ಹೆಸರು ಚಲಾವಣೆಗೆ ಬಂದರೆ ಅದನ್ನೇ ಎಲ್ಲರೂ ಕೇಳುತ್ತಾರೆ. ಹೋದ ವರ್ಷ ಪಕ್ಕದೂರಿನಲ್ಲಿ ಚೆನ್ನಾಗಿ ಬಂದಿತ್ತಂತೆ, ಅದೇ ಬೇಕು. ಮಾಲು ಕಡಿಮೆ ಬಂತೆಂದರೆ ಬ್ಲ್ಯಾಕ್ ಶುರು. ನಾನು ಮಾಡಿಲ್ಲ ಅಂತ ಹೇಳಿದರೆ ನೀವು ನಂಬುವುದಿಲ್ಲ, ಬಿಡಿ.

ಇನ್ನು ಕಳೆ ಔಷಧಿ ಹೊಡೆದರೂ ಸಾಯದ ಹತ್ತಿ. ಸರ್ಕಾರದ ಅನುಮತಿ ಇಲ್ಲ. ಆದರೂ ಬಿಲ್ ಇಲ್ಲದ ಪ್ಯಾಕೆಟ್ ಚೀಲದಲ್ಲಿ ಹಾಕಿಕೊಂಡು ಹಳ್ಳಿ ಹಳ್ಳಿ ತಿರುಗುವವರು ಇದ್ದಾರೆ. ರೈತ ಅದನ್ನು ಹುಡುಕಿಕೊಂಡು ಹೋಗುತ್ತಾನೆ, ಯಾಕೆಂದರೆ ಕಳೆ ತೆಗೆಯಲು ಆಳು ಸಿಗುವುದಿಲ್ಲ. ಕೆಟ್ಟರೆ ಯಾರನ್ನು ಹಿಡಿಯುತ್ತೀರಿ? ಬಿಲ್ ಇಲ್ಲ, ಮುಖ ಇಲ್ಲ.

ಮೊದಲೆಲ್ಲ ಬಿಟಿ ಪ್ಯಾಕೆಟ್ ಜೊತೆಗೆ ಬಿಟಿ ಅಲ್ಲದ 120 ಗ್ರಾಂ ಬೀಜ ಬೇರೆ ಕೊಡುತ್ತಿದ್ದರು, ಹೊಲದ ಸುತ್ತ ಹಾಕಲು. ಹುಳಕ್ಕೆ ಸ್ವಲ್ಪ ಜಾಗ ಬಿಟ್ಟರೆ ಅದು ಬಿಟಿಯನ್ನು ಬೇಗ ಜೀರ್ಣ ಮಾಡಿಕೊಳ್ಳುವುದಿಲ್ಲ ಅಂತ. ಯಾರು ಹಾಕಿದರು? ನನ್ನ ಅಂಗಡಿ ಮುಂದೆಯೇ ಬಿಸಾಡಿ ಹೋಗುತ್ತಿದ್ದರು. ನಾನೂ ಒತ್ತಿ ಹೇಳಲಿಲ್ಲ. ಈಗ ಗುಲಾಬಿ ಹುಳ ಕಾಯಿಯೊಳಗೆ ಕೂತು ನಗುತ್ತಿದೆ.


ಓಪನ್‌ಸೋರ್ಸ್_ಓಬಯ್ಯ
ಭಾನುವಾರ, ಮಧ್ಯಾಹ್ನ 2:30

ಸಾಫ್ಟ್‌ವೇರ್ ಜನಕ್ಕೆ ಇದು ಹಳೆಯ ಜಗಳ. ಲಿನಕ್ಸ್ ಹಾಗೆ ಬೀಜವನ್ನೂ ಬಿಡಬಹುದು. ಅಮೆರಿಕದಲ್ಲಿ ಓಪನ್ ಸೋರ್ಸ್ ಸೀಡ್ ಇನಿಷಿಯೇಟಿವ್ ಅಂತ ಇದೆ. 2014ರಿಂದ ತಳಿಗಳನ್ನು ಬಿಡುತ್ತಿದ್ದಾರೆ. ಯಾರು ಬೇಕಾದರೂ ಬೆಳೆಸಿ, ಹೊಸ ತಳಿ ಮಾಡಿ, ಮಾರಿ. ಬೇರೆಯವರು ಬಳಸದಂತೆ ಬೀಗ ಹಾಕಬೇಡಿ, ಅದೊಂದೇ ಷರತ್ತು.

ಹೊರಗಿನ ಕೇಸು ನೋಡಿ. ಅಮೆರಿಕದ ಇಂಡಿಯಾನದ ರೈತ ಬೋಮನ್, ಮಂಡಿಯಿಂದ ಕಾಳಿನ ರೂಪದಲ್ಲಿ, ಮಾನ್ಸಾಂಟೊ ಪೇಟೆಂಟಿನ ಜೀನ್ ಇದ್ದ ಸೋಯಾ ತಂದು ಬಿತ್ತಿದ. ವರ್ಷ ವರ್ಷ ಉಳಿಸಿಕೊಂಡ. 2013ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ಒಂಬತ್ತೂ ಜನ ಮಾನ್ಸಾಂಟೊ ಪರ. 84,000 ಡಾಲರ್ ಮೇಲೆ ದಂಡ. ಬೀಜ ತಾನೇ ಮರಿ ಹಾಕಿತು ಅನ್ನುವ ವಾದವನ್ನು ಕೋರ್ಟು ಒಪ್ಪಲಿಲ್ಲ, ಬಿತ್ತಿದವನು ನೀನೇ ಅಂದಿತು. ನಿಮ್ಮ ಅಣ್ಣ ಅಲ್ಲಿದ್ದಿದ್ದರೆ ಸೋಲುತ್ತಿದ್ದರು. ಕೆನಡಾದಲ್ಲಂತೂ ಗಾಳಿಯಲ್ಲಿ ಹಾರಿ ಬಂದ ಪರಾಗಕ್ಕೆ ಶ್ಮೈಸರ್ ಅನ್ನುವ ಮುದುಕನನ್ನು ಕೋರ್ಟಿಗೆ ಎಳೆದರು.


ಕರಿಕೋಟು
ಭಾನುವಾರ, ಮಧ್ಯಾಹ್ನ 3:02

ಶ್ಮೈಸರ್ ಕಥೆ ಅಷ್ಟು ಸರಳ ಅಲ್ಲ ಓಬಯ್ಯನವರೇ. ಮೊದಲು ಹಾರಿ ಬಂದಿರಬಹುದು. ಆದರೆ ಆತ ಕಳೆನಾಶಕ ಹೊಡೆದು, ಸಾಯದೆ ಉಳಿದ, ಅಂದರೆ ಮಾನ್ಸಾಂಟೊ ಜೀನ್ ಇದ್ದ ಗಿಡಗಳ ಬೀಜ ತೆಗೆದಿಟ್ಟು, 1998ರಲ್ಲಿ ಸಾವಿರ ಎಕರೆಗೆ ಬಿತ್ತಿದ. 2004ರಲ್ಲಿ ಕೆನಡಾ ಸುಪ್ರೀಂ ಕೋರ್ಟ್ 5-4ರಲ್ಲಿ ಪೇಟೆಂಟ್ ಉಲ್ಲಂಘನೆ ಅಂದಿತು, ಒಂದು ಪೈಸೆ ಪರಿಹಾರ ಮಾತ್ರ ಕೊಡಿಸಲಿಲ್ಲ. ಇಬ್ಬರೂ ಗೆದ್ದೆವು ಅಂತ ಹೇಳಿಕೊಂಡರು.

ನಮ್ಮಲ್ಲಿ ನೆನಪಿಡಬೇಕಾದ ಕೇಸು ಪೆಪ್ಸಿಕೊ ಆಲೂಗಡ್ಡೆಯದು. ಅದು ಕುಲಾಂತರಿ ಅಲ್ಲ, ಪೇಟೆಂಟೂ ಅಲ್ಲ, ತಳಿ ನೋಂದಣಿ. 2019ರಲ್ಲಿ ಗುಜರಾತಿನ ಸಣ್ಣ ರೈತರ ಮೇಲೆ ತಲಾ ಒಂದು ಕೋಟಿಗೂ ಮೇಲೆ ಕೇಸು ಹಾಕಿ, ಗದ್ದಲ ಆದ ಮೇಲೆ ವಾಪಸ್ ತೆಗೆದುಕೊಂಡರು. ಕಲಂ 39 ಇದ್ದೂ ಹೀಗಾಯಿತು. ಕಾನೂನು ನಮ್ಮ ಪರ ಇದ್ದರೂ ಕೋರ್ಟಿನ ನೋಟೀಸು ಮನೆ ಬಾಗಿಲಿಗೆ ಬಂದಾಗ ಕೈಕಾಲು ನಡುಗುತ್ತದೆ.

ಬೀಜದಂಗಡಿಯವರು ಕೆಟ್ಟರೆ ಯಾರನ್ನು ಹಿಡಿಯುವುದು ಅಂತ ಕೇಳಿದ್ದೀರಿ. ಬಿಲ್ ಇದ್ದರೆ ದಾರಿ ಇದೆ. ಬೀಜ ಕೊಂಡ ರೈತನೂ ಗ್ರಾಹಕನೇ ಅಂತ ಸುಪ್ರೀಂ ಕೋರ್ಟ್ 2012ರಲ್ಲಿ ರಾಷ್ಟ್ರೀಯ ಬೀಜ ನಿಗಮದ ಕೇಸಿನಲ್ಲಿ ಹೇಳಿದೆ. ಗ್ರಾಹಕರ ವೇದಿಕೆಗೆ ಹೋಗಬಹುದು. ಬಿಲ್, ಖಾಲಿ ಪ್ಯಾಕೆಟ್, ಅದರ ಮೇಲಿನ ಲಾಟ್ ನಂಬರ್ ಬಿಸಾಡಬೇಡಿ.


ಬೀಜದಂಗಡಿ_ರಾಯಚೂರು
ಭಾನುವಾರ, ಸಂಜೆ 4:10

ಲಾಟ್ ನಂಬರ್ ಮಾತು ಖರೆ. ಒಂದು ವರ್ಷ ಒಂದು ಕಂಪನಿಯ ಬೀಜ ಅರ್ಧಕ್ಕರ್ಧ ಮೊಳಕೆ ಬರಲಿಲ್ಲ. ಹನ್ನೊಂದು ಜನ ಅಂಗಡಿ ಮುಂದೆ ಕೂತರು. ಕಂಪನಿಯ ಹುಡುಗ ಫೋನ್ ಎತ್ತಲಿಲ್ಲ. ಹನ್ನೊಂದರಲ್ಲಿ ಪ್ಯಾಕೆಟ್ ಇಟ್ಟುಕೊಂಡಿದ್ದವರು ಇಬ್ಬರು. ಉಳಿದವರ ಮನೆಯಲ್ಲಿ ಒಲೆ ಹಚ್ಚಿದ್ದರು. ನಾನು ಕೈಯಿಂದ ಬೇರೆ ಪ್ಯಾಕೆಟ್ ಕೊಟ್ಟು ಸಮಾಧಾನ ಮಾಡಿದೆ.


ಹಸಿರುಶಾಲು
ಭಾನುವಾರ, ರಾತ್ರಿ 8:25

ಎಲ್ಲರೂ ಕೋರ್ಟು, ಲ್ಯಾಬು ಅನ್ನುತ್ತಿದ್ದೀರಿ. ಈ ಜಗಳ ನಿಮ್ಮ ಬೆಂಗಳೂರಿನ ಬೀದಿಯಲ್ಲೂ ನಡೆದಿದೆ, ಮರೆತಿದ್ದೀರಾ?

1992ರ ಡಿಸೆಂಬರ್ ಕೊನೆಯಲ್ಲಿ ನಮ್ಮ ರಾಜ್ಯ ರೈತ ಸಂಘದವರು ಇಲ್ಲಿನ ಕಾರ್ಗಿಲ್ ಬೀಜ ಕಂಪನಿಯ ಆಫೀಸಿಗೆ ನುಗ್ಗಿ ಕಾಗದಪತ್ರ ಹೊರಗೆ ಎಸೆದರು. ಮುಂದಿನ ವರ್ಷ ಬಳ್ಳಾರಿಯ ಅವರ ಘಟಕದ ಗತಿಯೂ ಅದೇ. 1993ರ ಅಕ್ಟೋಬರಿನಲ್ಲಿ ಕಬ್ಬನ್ ಪಾರ್ಕ್ ತುಂಬಾ ಹಸಿರು ಶಾಲು. ನಾನೂ ಲಾರಿ ಹತ್ತಿ ಬಂದಿದ್ದೆ. ನಮ್ಮ ಸಂಘದ ನಾಯಕ ಪ್ರೊಫೆಸರ್ ನಂಜುಂಡಸ್ವಾಮಿ ಮಾತಾಡುತ್ತಿದ್ದರೆ ಮೈ ಜುಮ್ಮೆನ್ನುತ್ತಿತ್ತು. ವಿರೋಧ ಇದ್ದದ್ದು ಡಂಕೆಲ್ ಕರಡಿಗೆ, ಅಂದರೆ ಗ್ಯಾಟ್ ಅನ್ನುವ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಕರಡಿಗೆ. ನಿಜ ಹೇಳಬೇಕೆಂದರೆ ಡಂಕೆಲ್ ಅಂದರೆ ಮನುಷ್ಯನೋ ಕಂಪನಿಯೋ ಅಂತ ನಮ್ಮ ಲಾರಿಯಲ್ಲಿದ್ದ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಬೀಜ ಕೈತಪ್ಪಿ ಹೋಗುತ್ತದೆ ಅನ್ನುವುದು ಮಾತ್ರ ಗೊತ್ತಿತ್ತು. 1998ರಲ್ಲಿ ರಾಯಚೂರು ಕಡೆ ಬಿಟಿ ಹತ್ತಿಯ ಪರೀಕ್ಷಾ ಹೊಲಗಳಿಗೆ ಬೆಂಕಿ ಇಟ್ಟರು. ಅದು ಸರಿಯಾ ಅಂತ ಈಗ ಕೇಳಿದರೆ ಇಲ್ಲ ಅನ್ನುತ್ತೇನೆ. ನಾಲ್ಕು ವರ್ಷದ ನಂತರ ಅದೇ ಹತ್ತಿಗೆ ನಮ್ಮ ಸಂಘದವರ ಮಕ್ಕಳೇ ಕ್ಯೂ ನಿಂತರು. ಆದರೆ ಆ ಗದ್ದಲ ಇಲ್ಲದಿದ್ದರೆ ಕರಿಕೋಟು ಹೇಳುವ 39ನೇ ಕಲಂ ಹಾಗೆ ಬರೆಯುತ್ತಿದ್ದರಾ? ನನಗೆ ನಂಬಿಕೆ ಇಲ್ಲ.

ಪಿಪೆಟ್ಟಮ್ಮನವರಿಗೆ ಒಂದು ಪ್ರಶ್ನೆ. ಬಿಟಿ ಬದನೆ ನೆನಪಿದೆಯಾ? 2010ರ ಫೆಬ್ರುವರಿ 6ಕ್ಕೆ ಅಂದಿನ ಪರಿಸರ ಸಚಿವ ಜೈರಾಂ ರಮೇಶ್ ಬೆಂಗಳೂರಿಗೆ ಬಂದು ಜನರ ಮಾತು ಕೇಳಿದರು. 9ಕ್ಕೆ ತಡೆ ಹಾಕಿದರು. ಅದೇ ಹೊತ್ತಿನಲ್ಲಿ ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಒಂದು ದೂರು ಕೊಟ್ಟಿತು. ಮಲಾಪುರ, ಕುಡಚಿ, ರಬಕವಿ, ಉಡುಪಿ ಬದನೆಯಂಥ ನಮ್ಮ ಸ್ಥಳೀಯ ತಳಿಗಳನ್ನು ಬಿಟಿ ಬದನೆ ಮಾಡಿದವರು ಜೀವವೈವಿಧ್ಯ ಕಾಯ್ದೆಯ ಅನುಮತಿ ಇಲ್ಲದೆ ಬಳಸಿದ್ದಾರೆ ಅಂತ. ಕೇಸು ಏನಾಯಿತು ಅನ್ನುವುದು ಬಿಡಿ. ನನ್ನ ಪ್ರಶ್ನೆ ಇಷ್ಟೇ. ನೀವು ಸೇರಿಸಿದ್ದು ಒಂದು ಜೀನ್. ಬದನೆಯಲ್ಲಿ ಉಳಿದ ಸಾವಿರಾರು ಜೀನ್ ಇವೆಯಲ್ಲ, ಅವನ್ನು ಆರಿಸಿ ಆರಿಸಿ ಇಟ್ಟವರು ನಮ್ಮ ಅಜ್ಜಿಯರು. ನಿಮ್ಮ ಒಂದಕ್ಕೆ 20 ವರ್ಷ ಶುಲ್ಕ ಬೇಕು ಅಂದರೆ ಅವರ ಸಾವಿರಕ್ಕೆ ಎಷ್ಟು?


ನಿರ್ವಾಹಕ
ಭಾನುವಾರ, ರಾತ್ರಿ 9:00

ಇದರ ಕೆಳಗಿನ ನಾಲ್ಕು ಕಾಮೆಂಟ್ ತೆಗೆದಿದ್ದೇನೆ. ಜೀನ್ ಬಗ್ಗೆ ಮಾತಾಡಿ, ಜಾತಿ ಬಗ್ಗೆ ಬೇಡ.


ಪಿಪೆಟ್ಟಮ್ಮ
ಭಾನುವಾರ, ರಾತ್ರಿ 10:35

ಹಸಿರುಶಾಲು ಅವರೇ, ಒಂದು ಗಂಟೆಯಿಂದ ಯೋಚನೆ ಮಾಡುತ್ತಿದ್ದೇನೆ. ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. 2001ರ ಕಾಯ್ದೆಯಲ್ಲಿ ಲಾಭ ಹಂಚಿಕೆ, ಜೀನ್ ನಿಧಿ ಅಂತೆಲ್ಲ ಇದೆ. ಹಳೆ ತಳಿ ಉಳಿಸಿದ ರೈತರಿಗೆ ಪ್ರಶಸ್ತಿಯೂ ಇದೆ. ಅಜ್ಜಿಯ ಸಾವಿರ ಜೀನಿಗೆ ಅದು ಸಮ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ.

ಆದರೆ ನನ್ನ ಸಿಟ್ಟು ಬೇರೆ ಕಡೆ ಇದೆ. ಯಜಮಾನ್ರು ಹೇಳಿದ ದಾರಿಯಲ್ಲೇ, ಸಂಬಳ ಕೊಟ್ಟು ಸರ್ಕಾರವೇ ಬಿಟಿ ಹತ್ತಿ ಮಾಡಬಹುದಿತ್ತು. ಮಾಡಿತು ಕೂಡ. ಬಿಕಾನೇರಿ ನರ್ಮಾ ಬಿಟಿ. ನಾಗಪುರದ ಹತ್ತಿ ಸಂಶೋಧನಾ ಸಂಸ್ಥೆ, ದೆಹಲಿಯ ಒಂದು ಕೇಂದ್ರ, ನಮ್ಮ ಧಾರವಾಡ ಕೃಷಿ ವಿಶ್ವವಿದ್ಯಾಲಯ ಸೇರಿ ಮಾಡಿದ್ದು. ಹೈಬ್ರಿಡ್ ಅಲ್ಲ, ಸಾದಾ ತಳಿ. ರೈತ ಬೀಜ ಉಳಿಸಿಕೊಳ್ಳಬಹುದಿತ್ತು. 2009ರಲ್ಲಿ ರೈತರ ಕೈಗೂ ಬಂತು. ಆಮೇಲೆ ನೋಡಿದರೆ ಅದರಲ್ಲಿ ಮಾನ್ಸಾಂಟೊ ಜೀನ್ ಸೇರಿಕೊಂಡಿದೆ! ಮಾರಾಟ ನಿಲ್ಲಿಸಿದರು. ಸೋಪೋರಿ ಸಮಿತಿ ತನಿಖೆ ಮಾಡಿ ಅದು ನಿಜ ಅಂದಿತು. ಕಲಬೆರಕೆಯೋ, ಬೇಜವಾಬ್ದಾರಿಯೋ, ಏನಾದರೂ ಅನ್ನಿ. ನಾನಾಗ ಎಂಎಸ್ಸಿ ಮುಗಿಸಿದ್ದೆ. ಆ ಸುದ್ದಿ ಓದಿ ಅತ್ತಿದ್ದು ನೆನಪಿದೆ. ಕಂಪನಿಗಳನ್ನು ಬೈಯುವುದು ಸುಲಭ. ನಮ್ಮ ಮನೆಯ ಹೊಲ ನಾವೇ ಬೀಳು ಬಿಟ್ಟೆವು.

ಎಷ್ಟೋ ವರ್ಷದ ಮೇಲೆ ನಾಗಪುರದವರು ಮತ್ತೆ ಬಿಟಿ ಸಾದಾ ತಳಿ ತಂದರು, ಸೂರಜ್ ಬಿಟಿ, ರಜತ್ ಬಿಟಿ ಅಂತ. ಅಷ್ಟರಲ್ಲಿ ಹುಳ ಆ ಜೀನನ್ನು ಅರಗಿಸಿಕೊಂಡಾಗಿತ್ತು.

ಮುಂದಿನ ಜಗಳ ಯಾವುದು ಗೊತ್ತಾ? ಜೀನ್ ಎಡಿಟಿಂಗ್. 2025ರ ಮೇನಲ್ಲಿ ನಮ್ಮ ದೇಶದ ಎರಡು ಎಡಿಟ್ ಮಾಡಿದ ಭತ್ತದ ತಳಿ ಘೋಷಣೆ ಆಯಿತು. ಮಾಡಿದ್ದು ನಮ್ಮ ವಿಜ್ಞಾನಿಗಳೇ. ಆದರೆ ಕತ್ತರಿಸಲು ಬಳಸುವ ಕ್ರಿಸ್ಪರ್ ಅನ್ನುವ ಕತ್ತರಿಯ ಮೇಲೆ ಹೊರಗಿನವರ ಪೇಟೆಂಟ್ ಗುಡ್ಡದಷ್ಟಿದೆ. ಬೀಜಕ್ಕೆ ಪೇಟೆಂಟ್ ಬೇಡ ಅಂತ ಕಲಂ 3(ಜೆ) ಹೇಳಲಿ, ಕತ್ತರಿಯ ಬಾಡಿಗೆ ಯಾರು ಕಟ್ಟುವುದು?


ಓಪನ್‌ಸೋರ್ಸ್_ಓಬಯ್ಯ
ಭಾನುವಾರ, ರಾತ್ರಿ 10:50

ಕತ್ತರಿಯನ್ನೂ ಓಪನ್ ಸೋರ್ಸ್ ಮಾಡಿ.


ಪಿಪೆಟ್ಟಮ್ಮ
ಭಾನುವಾರ, ರಾತ್ರಿ 10:52

ಮಾಡೋಣ. ದುಡ್ಡು ಕಳಿಸಿ.


ಹಾವೇರಿಕಡೆಯವ
ಸೋಮವಾರ, ಬೆಳಿಗ್ಗೆ 8:30

ನಿನ್ನೆ ರಾತ್ರಿ ಅಣ್ಣನಿಗೆ ಫೋನ್ ಮಾಡಿ ಎಲ್ಲ ಓದಿ ಹೇಳಿದೆ. ನಿನ್ನ ಹೊಲದಲ್ಲಿ ಹುಟ್ಟಿದ ಬೀಜ ನಿನ್ನದೇ, ಕಾನೂನು ಹಾಗೇ ಹೇಳುತ್ತದೆ ಅಂದೆ. ನಕ್ಕ. "ಹೈಬ್ರಿಡ್ ಬೀಜ ಇಟಗೊಂಡು ಏನ್ ಮಾಡ್ಲಿ, ಎಮ್ಮಿಗೆ ಹಿಂಡಿ ಮಾಡ್ಲೇನು?" ಅಂದ.

ನಾನು ಶನಿವಾರ ಕೇಳಿದ ಪ್ರಶ್ನೆಯೇ ಸ್ವಲ್ಪ ಪಕ್ಕಕ್ಕೆ ಬಿದ್ದಿತ್ತು ಅಂತ ಈಗ ಅನಿಸುತ್ತಿದೆ. ಪೇಟೆಂಟ್ ಇದ್ದಾಗಲೂ ಅಣ್ಣ ಪ್ರತಿ ವರ್ಷ ಬೀಜ ಕೊಂಡ, ಅದು ಹೋದ ಮೇಲೂ ಕೊಳ್ಳುತ್ತಿದ್ದಾನೆ. ಅವನ ಮುಂದೆ ಬೇರೆ ಬೀಜ ಇಟ್ಟವರೇ ಇಲ್ಲ. ನನ್ನ ಬ್ಯಾಟರಿ ಪೇಟೆಂಟ್ ಕೆಲಸ ನಾಳೆಯೂ ಮಾಡುತ್ತೇನೆ, ಅದರಲ್ಲಿ ನನಗೆ ಸಂಕೋಚ ಇಲ್ಲ. ಆದರೆ ಬೀಜಕ್ಕೂ ಬ್ಯಾಟರಿಗೂ ಒಂದೇ ಅಳತೆ ಅಂತ ಇನ್ನು ವಾದ ಮಾಡುವುದಿಲ್ಲ.

ಅಣ್ಣ ಇನ್ನೊಂದು ಮಾತು ಕೇಳಿದ. ಅಜ್ಜನ ಕಾಲದಲ್ಲಿ ಜಯಧರ ಹತ್ತಿ ಹಾಕುತ್ತಿದ್ದರಂತೆ. ಇಳುವರಿ ಕಡಿಮೆ, ಖರ್ಚೂ ಕಡಿಮೆ, ಬೀಜ ಮನೆಯದೇ. ಅರ್ಧ ಎಕರೆಗೆ ಹಾಕಿ ನೋಡುತ್ತೇನೆ, ಬೀಜ ಸಿಗುತ್ತದಾ ಕೇಳು ಅಂದ. ಯಾರಿಗಾದರೂ ಗೊತ್ತಾ?


ಬೀಜದಂಗಡಿ_ರಾಯಚೂರು
ಸೋಮವಾರ, ಬೆಳಿಗ್ಗೆ 9:05

ನನ್ನ ಹತ್ತಿರ ಇಲ್ಲರೀ. ಯಾರೂ ಕೇಳುವುದಿಲ್ಲ, ಅದಕ್ಕೇ ಇಡುವುದಿಲ್ಲ. ಕೇಳಿದರೂ ಒಂದೇ ಸಲ ಕೇಳುತ್ತಾರಲ್ಲ, ನನಗೇನು ಉಳಿಯುತ್ತದೆ?


ರಾಗಿಮುದ್ದೆ
ಸೋಮವಾರ, ಬೆಳಿಗ್ಗೆ 11:40

ಧಾರವಾಡದ ಕೃಷಿ ಮೇಳಕ್ಕೆ ಕಾಯಬೇಡ ತಮ್ಮಾ. ಮೇಳ ಆಗುವ ಹೊತ್ತಿಗೆ ಆ ಹತ್ತಿ ಬಿತ್ತುವ ಹದ ದಾಟಿರುತ್ತದೆ. ಈಗಲೇ ವಿಶ್ವವಿದ್ಯಾಲಯದ ಹತ್ತಿ ವಿಭಾಗಕ್ಕೆ ಹೋಗಿ ಕೇಳಲು ಹೇಳು. ಬೆಂಗಳೂರಿನಲ್ಲಿ ಸಹಜ ಸಮೃದ್ಧದವರು ದೇಸಿ ಬೀಜ ಮೇಳ ಮಾಡುತ್ತಾರೆ, ಅಲ್ಲಿಯೂ ವಿಚಾರಿಸು. ಸಿಕ್ಕರೆ ನನಗೂ ಒಂದು ಸೇರು ತರಿಸು, ನಮ್ಮ ಕೆಂಪು ಮಣ್ಣಿನಲ್ಲಿ ಬರುತ್ತದೋ ಇಲ್ಲವೋ ನೋಡುತ್ತೇನೆ. ಬಂದರೆ ಒಂದೂಕಾಲು ಸೇರು ವಾಪಸ್.